ಜವಾಬು, ಲೆಕ್ಕ, ಕಟ್ಟು

ರೆಸ್ಪಾನ್ಸಿಬಲ್, ಅಕೌಂಟಬಲ್, ಲಯಬಲ್. ಇಂಗ್ಲಿಷಿನ ಈ ಮೂರು ಪದಗಳನ್ನು ಕನ್ನಡಕ್ಕೆ ತರುವಾಗ ನಾವು ಮೂರನ್ನೂ ಒಂದೇ ಡಬ್ಬಿಗೆ ಹಾಕ್ತೀವಿ: 'ಜವಾಬ್ದಾರಿ'. ಪೇಪರಿನಲ್ಲಿ, ಭಾಷಣದಲ್ಲಿ, ಮನೆ ಜಗಳದಲ್ಲಿ ಎಲ್ಲಾ ಕಡೆ ಅದೇ ಪದ. ಸಾಮಾನ್ಯವಾಗಿ ಅದರಿಂದ ತೊಂದರೆಯೇನೂ ಆಗೋದಿಲ್ಲ. ಆದರೆ ಕೆಲವು ಊರುಗಳಿವೆ, ಈ ಮೂರನ್ನು ಬಿಡಿಸಿ ನೋಡದಿದ್ರೆ ಅಲ್ಲಿ ಏನಾಯ್ತು ಅನ್ನೋದೇ ನಮಗೆ ಅರ್ಥವಾಗೋದಿಲ್ಲ. ಕೆಜಿಎಫ್ ಅಂಥ ಊರು.

ಮೊದಲು ಪದಗಳನ್ನೇ ನೋಡೋಣ. 'ರೆಸ್ಪಾನ್ಸಿಬಲ್' ಪದದ ಬೇರು ಲ್ಯಾಟಿನ್ನಿನದು, ಅರ್ಥ 'ಉತ್ತರ ಕೊಡು'. 'ಅಕೌಂಟಬಲ್' ಅಂದರೆ ಲೆಕ್ಕ ಒಪ್ಪಿಸಬೇಕಾದವನು. 'ಲಯಬಲ್' ಫ್ರೆಂಚಿನ ಮೂಲಕ ಬಂದದ್ದು, ಮೂಲದಲ್ಲಿ 'ಕಟ್ಟು' ಅಂತ. ಅಂದರೆ ಒಬ್ಬ ಉತ್ತರ ಹೇಳುವವನು, ಒಬ್ಬ ಲೆಕ್ಕ ಕೊಡುವವನು, ಇನ್ನೊಬ್ಬ ಕಟ್ಟಿಗೆ ಒಳಗಾದವನು.

ನಮ್ಮ ಕಡೆ ಪದಗಳೇ ಇಲ್ಲ ಅಂತಲ್ಲ. ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೋಗುವ ರೈಲು ಹತ್ತಿದರೆ ಒಂದೇ ಬೋಗಿಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಕಿವಿಗೆ ಬೀಳ್ತವೆ. ಕನ್ನಡದವರು 'ಜವಾಬ್ದಾರಿ' ಅಂತಾರೆ, ಅದರೊಳಗೆ 'ಜವಾಬು' ಇದೆ, ಅಂದರೆ ಉತ್ತರ. ತೆಲುಗಿನವರು ಅದಕ್ಕೇ 'ಬಾಧ್ಯತ' ಅಂತಾರೆ, ಅದರಲ್ಲಿರೋದು ಕಟ್ಟುಪಾಡು. ತಮಿಳಿನವರು 'ಪೊರುಪ್ಪು' ಅಂತಾರೆ, ಅದರ ಬೇರು 'ಪೊರು', ಅಂದರೆ ತಾಳು, ಸಹಿಸು. ಒಂದೇ ಮಾತಿಗೆ ಒಬ್ಬ ಉತ್ತರ ಕೊಡ್ತಾನೆ, ಒಬ್ಬ ಕಟ್ಟುಬೀಳ್ತಾನೆ, ಒಬ್ಬ ಸಹಿಸ್ತಾನೆ. ಕೆಜಿಎಫ್‌ನ ಗಣಿಯೊಳಗೆ ಇಳಿದವರಲ್ಲಿ ಹೆಚ್ಚಿನವರು ಆರ್ಕಾಟು, ಚಿತ್ತೂರಿನ ಕಡೆಯಿಂದ ಬಂದವರು. ಅವರ ಪಾಲಿಗೆ ಬಂದದ್ದು ಹೆಚ್ಚಾಗಿ ಆ ಮೂರನೆಯ ಅರ್ಥ.

ಈಗ ಗಣಿಗೆ ಬರೋಣ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಬಂತು. 1902ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿಗಿಂತ ಮೊದಲು ಈ ಗಣಿಗಳಿಗೆ ಬಂತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಅನ್ನೋ ಸರ್ಕಾರಿ ಕಂಪನಿಗೆ ಹೋದವು. 2001ರ ಫೆಬ್ರವರಿ 28ಕ್ಕೆ ಕೆಲಸ ನಿಂತಿತು. ಬಾಗಿಲ ಮೇಲಿನ ಬೋರ್ಡು ಹೀಗೆ ಮತ್ತೆ ಮತ್ತೆ ಬದಲಾಯ್ತು. ಕೆಳಗಿನ ಕಲ್ಲು, ಧೂಳು, ಸೆಖೆ ಮಾತ್ರ ಬದಲಾಗಲಿಲ್ಲ.

'ಲಯಬಲ್' ಪದಕ್ಕೆ ಒಂದು ದೊಡ್ಡ ಗುಣ ಇದೆ. ಅದು ತಪ್ಪು ಯಾರದು ಅಂತ ಕೇಳ್ತಾ ಕೂರೋದಿಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ತಿರುಳೇ ಅದಾಗಿತ್ತು: ಕೆಲಸದಲ್ಲಿದ್ದಾಗ ಕೆಲಸದಿಂದಲೇ ಪೆಟ್ಟಾದರೆ, ಮಾಲೀಕನ ತಪ್ಪನ್ನು ಸಾಬೀತು ಮಾಡದಿದ್ದರೂ ಅವನು ದುಡ್ಡು ಕೊಡಬೇಕಿತ್ತು. ಕೆಜಿಎಫ್‌ನಲ್ಲಿ ಇದು ಬಹಳ ಮುಖ್ಯವಾಗಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅಷ್ಟು ಕೆಳಗೆ ಬಂಡೆಯ ಮೇಲೆ ಎಂಥಾ ಒತ್ತಡ ಅಂದರೆ, ಅದಿರು ತೆಗೆದು ಜಾಗ ಖಾಲಿಯಾದಂತೆ ಉಳಿದ ಕಲ್ಲು ಇದ್ದಕ್ಕಿದ್ದಂತೆ ಸಿಡೀತದೆ. ಇದಕ್ಕೆ ರಾಕ್ ಬರ್ಸ್ಟ್ ಅಂತಾರೆ. ಮೊದಮೊದಲು ಸಾಹೇಬರು 'ಏರ್ ಬ್ಲಾಸ್ಟ್' ಅಂತ ಕರೀತಿದ್ರು. ತಪ್ಪು ಗಾಳಿಯದ್ದೇನೋ ಅನ್ನೋ ಹಾಗೆ! ಕಲ್ಲು ಸಿಡಿದರೆ ಬೆರಳು ತೋರಿಸೋದು ಯಾರ ಕಡೆಗೆ? ಬೆರಳು ತೋರಿಸೋಕೆ ಆಗದಿದ್ರೂ ವಿಧವೆಗೆ ಪರಿಹಾರ ಸಿಗಬೇಕು. ಆ ಕೆಲಸವನ್ನು 'ಲಯಬಲ್' ಅನ್ನೋ ಪದ ಮಾಡ್ತದೆ.

ಆದರೆ ಅದೇ ಪದಕ್ಕೆ ಮಿತಿಯೂ ಇದೆ. ಅದಕ್ಕೊಂದು ತಾರೀಖು ಬೇಕು, ಒಂದು ಕಾರಣ ಬೇಕು, ಹಣ ಕೊಡಬೇಕಾದವನಿಗೆ ಒಂದು ಹೆಸರು ಬೇಕು. ಸಿಲಿಕೋಸಿಸ್‌ಗೆ ತಾರೀಖು ಇರೋದಿಲ್ಲ. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಕೂತು ಮನುಷ್ಯನನ್ನು ನಿಧಾನಕ್ಕೆ ಕೊಲ್ತದೆ. ಕೆಲಸ ಬಿಟ್ಟು ಊರಿಗೆ ಹೋದ ಮೇಲೂ ಕೆಮ್ಮು ಬರಬಹುದು. ಭಾರತದಲ್ಲಿ ಈ ಕಾಯಿಲೆಯ ಮೊದಲ ವರದಿಗಳು ಬಂದದ್ದೇ ಈ ಕೋಲಾರದ ಗಣಿಗಳಿಂದ. ಕಾನೂನು ಮುಂದೆ ಇದನ್ನೂ ಕೆಲಸದಿಂದ ಬಂದ ಕಾಯಿಲೆ ಅಂತ ಒಪ್ಪಿಕೊಂಡಿತು, ನಿಜ. ಆದರೆ ಊರು ಸೇರಿದವನು ಎಕ್ಸ್‌ರೇ ಹಿಡಿದುಕೊಂಡು ಯಾರ ಬಾಗಿಲು ತಟ್ಟಬೇಕು? ಬಾಗಿಲೇ ಮುಚ್ಚಿದ ಮೇಲೆ?

'ಅಕೌಂಟಬಲ್' ಕಥೆ ಬೇರೆ. ಸರ್ಕಾರಿ ಕಂಪನಿ ಅಂದ ಮೇಲೆ ಲೆಕ್ಕ ಇರ್ತದೆ, ಆಡಿಟ್ ಇರ್ತದೆ, ವರದಿ ಪಾರ್ಲಿಮೆಂಟಿಗೆ ಹೋಗ್ತದೆ. ಆ ಲೆಕ್ಕ ಸುಳ್ಳು ಅಂತ ನಾನು ಹೇಳ್ತಿಲ್ಲ. ಅದಿರಿನಲ್ಲಿ ಚಿನ್ನ ಕಡಿಮೆಯಾಯ್ತು, ತೆಗೆಯೋ ಖರ್ಚು ಜಾಸ್ತಿಯಾಯ್ತು, ನಷ್ಟ ಬೆಳೀತು. ಎಲ್ಲ ನಿಜವೇ. ಆದರೆ ಅಕೌಂಟಬಲ್ ಆದವನು ಕೇಳಿದ್ದಕ್ಕೆ ಉತ್ತರ ಕೊಡ್ತಾನೆ, ಕೇಳದೇ ಇದ್ದದ್ದಕ್ಕೆ ಕೊಡೋದಿಲ್ಲ. ಕೇಳೋ ಅಧಿಕಾರ ಇರೋದು ಮೇಲಿನವರಿಗೆ. ಟನ್ನಿಗೆ ಎಷ್ಟು ಗ್ರಾಂ ಚಿನ್ನ ಅನ್ನೋದಕ್ಕೆ ಲೆಡ್ಜರಿನಲ್ಲಿ ಕಾಲಂ ಇರ್ತದೆ. ಗಾಳಿ ಬೀಸಿದಾಗ ಯಾರ ಮನೆಯ ಅನ್ನದ ಪಾತ್ರೆಗೆ ಎಷ್ಟು ಧೂಳು ಬಿತ್ತು ಅನ್ನೋದಕ್ಕೆ ಕಾಲಂ ಇರೋದಿಲ್ಲ.

ಆ ಧೂಳು ಬರೋದು ಊರಿನವರು ಸಯನೈಡ್ ಗುಡ್ಡ ಅಂತ ಕರೆಯೋ ದಿಬ್ಬಗಳಿಂದ. ಅದಿರನ್ನು ಪುಡಿ ಮಾಡಿ, ಸಯನೈಡಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಬೂದುಬಣ್ಣದ ಪುಡಿ ಅದು, ಮೂರು ಕೋಟಿ ಟನ್ನಿಗೂ ಹೆಚ್ಚು. ಅದಕ್ಕೆ ಯಾರು ಹೊಣೆ? ರಾಶಿ ಹಾಕೋಕೆ ಶುರು ಮಾಡಿದ ಕಂಪನಿಯವರು ಯಾವತ್ತೋ ಹೋದರು. ಮುಂದುವರಿಸಿದವರು ಬೋರ್ಡು ಬದಲಾಯಿಸಿದರು. ಇಲ್ಲಿಗೆ ಬಂದಾಗ ಉಳಿದೆರಡು ಪದಗಳು ಕೈಚೆಲ್ತವೆ, ಮೂರನೆಯದು ಬೇಕಾಗ್ತದೆ.

'ರೆಸ್ಪಾನ್ಸಿಬಲ್' ಹೇಗೆ ಬೇರೆ ಅನ್ನೋದಕ್ಕೆ ನಮ್ಮ ದೇಶದ್ದೇ ಹಳೇ ಉದಾಹರಣೆ ಇದೆ. 1956ರ ನವೆಂಬರಿನಲ್ಲಿ ಅರಿಯಲೂರಿನಲ್ಲಿ ರೈಲು ಅಪಘಾತ ಆದಾಗ ರೈಲ್ವೆ ಮಂತ್ರಿ ಲಾಲ್ ಬಹದ್ದೂರ್ ಶಾಸ್ತ್ರಿ ರಾಜೀನಾಮೆ ಕೊಟ್ಟರು. ಅವರೇನೂ ಸೇತುವೆ ಕಟ್ಟಿದವರಲ್ಲ, ರೈಲು ಓಡಿಸಿದವರೂ ಅಲ್ಲ. ಯಾವ ಕೋರ್ಟೂ ಅವರನ್ನು ಕಟ್ಟಿಹಾಕುತ್ತಿರಲಿಲ್ಲ. ಆದರೂ ಉತ್ತರ ಕೊಡಬೇಕಾದವನು ನಾನು ಅಂದರು. ಕಟ್ಟನ್ನು ಹೊರಗಿನವರು ಹಾಕ್ತಾರೆ, ಲೆಕ್ಕವನ್ನು ಮೇಲಿನವರು ಕೇಳ್ತಾರೆ. ಈ ಮೂರನೆಯದನ್ನು ಮಾತ್ರ ತಾನಾಗಿ ಎತ್ತಿಕೊಳ್ಳಬಹುದು.

ಅಮೆರಿಕದ ಚಿಂತಕಿ ಐರಿಸ್ ಮೇರಿಯನ್ ಯಂಗ್ ಇದನ್ನೇ ಇನ್ನೂ ಮುಂದಕ್ಕೆ ಒಯ್ದರು. ಒಂದು ಅನ್ಯಾಯ ನಡೆಯುವ ವ್ಯವಸ್ಥೆಯಲ್ಲಿ ನಾವೂ ಭಾಗಿಗಳಾಗಿದ್ದರೆ, ತಪ್ಪಿತಸ್ಥರಲ್ಲದಿದ್ದರೂ ಅದನ್ನು ಸರಿಪಡಿಸುವ ಹೊಣೆಯಲ್ಲಿ ನಮಗೂ ಪಾಲಿದೆ ಅನ್ನೋದು ಅವರ ವಾದ. ಈ ಲೆಕ್ಕದಲ್ಲಿ ಕೆಜಿಎಫ್ ದೂಳು ಕೆಜಿಎಫ್‌ನವರದ್ದು ಮಾತ್ರ ಅಲ್ಲ. ಈ ಗಣಿಯ ರಾಯಧನದಿಂದ ಮೈಸೂರು ಸಂಸ್ಥಾನ ಬೆಳೆಯಿತು, ಅದರ ಫಲ ಉಂಡವರಲ್ಲಿ ನಾವೂ ಇದ್ದೀವಿ.

ಎಲ್ಲರೂ ಹೊಣೆ ಅಂದರೆ ಕೊನೆಗೆ ಯಾರೂ ಹೊಣೆಯಲ್ಲ ಅಂತಾಗಲ್ವಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮೂರೂ ಪದವನ್ನು ಒಂದೇ ಡಬ್ಬಿಗೆ ಹಾಕಿದರೆ ಖಂಡಿತ ಹಾಗೇ ಆಗ್ತದೆ. 'ಇದು ನಮ್ಮೆಲ್ಲರ ಜವಾಬ್ದಾರಿ' ಅಂತ ವೇದಿಕೆ ಮೇಲೆ ಹೇಳುವವರು ಎಷ್ಟೋ ಸಲ ದುಡ್ಡು ಕೊಡಬೇಕಾದವನನ್ನು ಗುಂಪಿನೊಳಗೆ ಬಚ್ಚಿಡ್ತಿರ್ತಾರೆ. ಬಿಡಿಸಿ ನೋಡೋದು ಬೇಕಾಗಿರೋದೇ ಅದಕ್ಕೆ. ಹಣ ಕಟ್ಟಬೇಕಾದವನು ಕಟ್ಟಲೇಬೇಕು, ನಮ್ಮ ಹೊಣೆ ಅವನ ಸಾಲವನ್ನು ತೀರಿಸೋದಿಲ್ಲ. ಕಟ್ಟುವಂತೆ ಒತ್ತಾಯಿಸೋದೂ ನಮ್ಮ ಹೊಣೆಯಲ್ಲೇ ಸೇರಿದೆ.

ಈ ಮಾತು ಈಗ ಯಾಕೆ ಅಂದರೆ, 2024ರ ಜೂನ್‌ನಲ್ಲಿ ಈ ಪೈಕಿ 13 ದಿಬ್ಬಗಳಿಂದ ಉಳಿಕೆ ಚಿನ್ನ ತೆಗೆಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಇಷ್ಟು ವರ್ಷ ಧೂಳಾಗಿದ್ದದ್ದಕ್ಕೆ ಬೆಲೆ ಬಂತು. ಧೂಳಾಗಿದ್ದಾಗ ಅದು ಯಾರದು ಅಂತ ಹುಡುಕಬೇಕಿತ್ತು, ಚಿನ್ನ ಅಂದ ಕೂಡಲೇ ಅದಕ್ಕೆ ವಾರಸುದಾರರು ಇದ್ದಾರೆ. ಬ್ಯಾಲೆನ್ಸ್ ಶೀಟಿನಲ್ಲಿ ಅಸೆಟ್ ಎದುರಿಗೆ ಬರೆಯೋ ಪದ ಲಯಬಿಲಿಟಿ. ಕನ್ನಡದಲ್ಲೂ ನಾವು 'ಹಕ್ಕುಬಾಧ್ಯತೆ' ಅಂತ ಜೋಡಿಯಾಗೇ ಹೇಳ್ತೀವಿ. ಅಪ್ಪನ ಹೊಲಕ್ಕೆ ಬಂದ ಮಗನ ಹತ್ತಿರ ಊರಿನವರು ಅಪ್ಪ ಮಾಡಿದ ಸಾಲದ ಮಾತೂ ಎತ್ತುತ್ತಾರೆ. ಗುಡ್ಡ ಕರಗಿಸಿ ಚಿನ್ನ ಒಯ್ಯುವವರ ಕರಾರಿನಲ್ಲಿ, ಉಳಿಯೋ ಪುಡಿಗೆ ಯಾರು ಹೊಣೆ, ಎಷ್ಟು ವರ್ಷ, ಕೆಮ್ಮುವವನು ಯಾವ ಬಾಗಿಲು ತಟ್ಟಬೇಕು ಅನ್ನೋದು ಬರೆದಿದೆಯಾ ಅಂತ ಈಗಲೇ ಓದಿ ನೋಡಬೇಕು. ಸಹಿ ಬಿದ್ದ ಮೇಲೆ ಉಳಿಯೋದು ಆ ತಮಿಳು ಪದದ ಅರ್ಥ ಮಾತ್ರ.