ಸೆರೆಹಿಡಿದ ಚಿತ್ರ

ಪ್ರವಾಸದಿಂದ ಮರಳಿದವರು ‘ಆ ದೃಶ್ಯವನ್ನು ಕ್ಯಾಮೆರಾದಲ್ಲಿ ಸೆರೆಹಿಡಿದೆವು’ ಎನ್ನುವುದು ರೂಢಿ. ಸೆರೆ ಎಂಬ ಮಾತನ್ನು ನಾವೂ ಯೋಚಿಸದೆಯೇ ಬಳಸುತ್ತ ಬಂದವರು.

ಕೊಲ್ಲಾಪುರದ ಅರಸರು ಸಾಕಿದ ಚೀತಾಗಳನ್ನು ಬಿಟ್ಟು ಕೃಷ್ಣಮೃಗಗಳ ಬೇಟೆಯಾಡಿಸುತ್ತಿದ್ದ ಸೀಮೆ ಇದು. ಅವರ ಬೇಟೆಯ ಕಾಡಾಗಿದ್ದ ದಾಜೀಪುರ 1958ರಲ್ಲಿ ಕಾಡುಕೋಣಗಳ ಅಭಯಾರಣ್ಯವಾಯಿತು. ಕೋವಿಯ ಬದಲು ಕ್ಯಾಮೆರಾ ಬಂದುದು ಶುಭವೇ ಸರಿ. ಚಿತ್ರ ತೆಗೆದರೆ ರಕ್ತ ಹರಿಯುವುದಿಲ್ಲ. ಸಂಡೂರಿನ ಎಂ. ವೈ. ಘೋರ್ಪಡೆ, ಪೂರ್ಣಚಂದ್ರ ತೇಜಸ್ವಿ ಅಂಥವರ ಚಿತ್ರಗಳಿಂದಲೇ ನಮ್ಮಲ್ಲನೇಕರು ಕಾಡನ್ನು ನೋಡಲು ಕಲಿತೆವು. ಆದರೆ ಹಿಂಸೆಯ ಅಳತೆಗೋಲು ರಕ್ತವೊಂದೇ ಏನು? ಪ್ರಾಣಿ ತಾನಾಗಿ ಕೊಟ್ಟ ದರ್ಶನ ಬೇರೆ, ನಾವು ಕಿತ್ತುಕೊಂಡದ್ದು ಬೇರೆ.

ಕೆಲವು ವರ್ಷಗಳ ಹಿಂದೆ ಗಡಹಿಂಗ್ಲಜದಿಂದ ಮೊಮ್ಮಕ್ಕಳೊಡನೆ ದಾಜೀಪುರಕ್ಕೆ ಹೋಗಿದ್ದೆವು. ದಾರಿಯಂಚಿನಲ್ಲಿ ಕಾಡುಕೋಣವೊಂದು, ಇಲ್ಲಿಯವರ ಬಾಯಲ್ಲಿ ಗವಾ, ಕರುವಿನೊಡನೆ ಮೇಯುತ್ತಿತ್ತು. ಎಷ್ಟು ಹೊತ್ತಾದರೂ ತಲೆ ಎತ್ತಲೊಲ್ಲದು. ಹಾರ್ನ್ ಒತ್ತೆಂದು ಚಾಲಕನಿಗೆ ಹೇಳಿದವರು ಬೇರೆ ಯಾರೂ ಅಲ್ಲ, ಮೂವತ್ತು ವರ್ಷ ಶಾಲೆಯಲ್ಲಿ ಪ್ರಾಣಿದಯೆಯ ಪಾಠ ಹೇಳಿದ ನಾವೇ. ತಾಯಿ ತಟ್ಟನೆ ತಲೆಯೆತ್ತಿತು, ಚಿತ್ರ ಬಂದಿತು. ಮರುಕ್ಷಣವೇ ಅದು ಒಂದು ಕಡೆಗೆ, ಕರು ರಸ್ತೆ ದಾಟಿ ಇನ್ನೊಂದು ಕಡೆಗೆ ಓಡಿದವು. ಅವು ಮತ್ತೆ ಕೂಡಿದವೋ ಇಲ್ಲವೋ ನಾವು ನಿಂತು ನೋಡಲಿಲ್ಲ. ಕತ್ತಲಾಗುವ ಮುನ್ನ ಊರು ಸೇರಬೇಕಿತ್ತು.

ಆ ಚಿತ್ರ ಈಗ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಇಚಲಕರಂಜಿಯ ಬೀಗರು ಬಂದಾಗಲೆಲ್ಲ ‘ಏನು ಗಾಂಭೀರ್ಯ ನೋಡ್ರಿ!’ ಎನ್ನುತ್ತಾರೆ. ಅದು ಗಾಂಭೀರ್ಯವಲ್ಲ, ಭಯ. ಕರುವಿನ ಸಂಗತಿಯನ್ನು ಅವರೆದುರು ಹೇಳಲು ನಮಗೆ ಇನ್ನೂ ಬಾಯಿ ಬಂದಿಲ್ಲ.