ಮುಪ್ಪಿಗೆ ಮದ್ದಿಲ್ಲವಾದರೆ ವೈದ್ಯನೇಕೆ?

ಮುಪ್ಪಿಗೆ ಮದ್ದಿಲ್ಲ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಹಾಗಾದರೆ ಎಂ.ಬಿ.ಬಿ.ಎಸ್. ಪದವಿಗಾಗಿ ಐದೂವರೆ ವರ್ಷ, ಅದರ ಮೇಲೆ ಎಂ.ಡಿ. ಪದವಿಗಾಗಿ ಮೂರು ವರ್ಷ ಓದಿದವರೊಬ್ಬರು ತಮ್ಮ ಬಾಳನ್ನು ವೃದ್ಧರ ಆರೈಕೆಗೆ ಮುಡಿಪಾಗಿಡುವುದೇಕೆ? ಹೃದಯದ ಶಸ್ತ್ರಚಿಕಿತ್ಸೆ ಮಾಡಿದವರ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ. ಕಣ್ಣಿನ ಪೊರೆ ತೆಗೆದ ವೈದ್ಯರಿಗೆ ರೋಗಿ ಬೆಳಕು ಕಂಡೊಡನೆ ಕೈಮುಗಿಯುತ್ತಾನೆ. ವೃದ್ಧರ ವೈದ್ಯನ ರೋಗಿಯಾದರೋ ಎಂಬತ್ತರಿಂದ ಎಂಬತ್ತೊಂದಕ್ಕೆ ಕಾಲಿಡುತ್ತಾನೆ, ಅಷ್ಟೆ. ಒಂದು ದಿನ ತೀರಿಕೊಳ್ಳುತ್ತಾನೆ. ಇಂಥ ವೃತ್ತಿಯ ಸಾರ್ಥಕತೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಈ ಪ್ರಶ್ನೆ ವೈದ್ಯರದ್ದು ಮಾತ್ರವಲ್ಲ. ಮನೆಯಲ್ಲಿ ಹಿರಿಯರಿರುವ ನಮ್ಮೆಲ್ಲರದ್ದು.

2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಸೀಮೆಗೆ ದೀರ್ಘಾಯುಷ್ಯ ಅಪರಿಚಿತವೇನಲ್ಲ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮೀಜಿಯವರು 2019ರ ಜನವರಿಯಲ್ಲಿ ಲಿಂಗೈಕ್ಯರಾದಾಗ ಅವರಿಗೆ 111 ವರ್ಷ. ಅದೇ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರು ನೂರು ದಾಟಿ ಬಾಳಿ, 2025ರ ನವೆಂಬರಿನಲ್ಲಿ ನಿಧನರಾದರು. ಇವರಿಬ್ಬರನ್ನು ನಾಡೇ ಗೌರವಿಸಿತು. ಆದರೆ 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರು ಸುಮಾರು 10.4 ಕೋಟಿ. ಅವರಲ್ಲಿ ಬಹುಪಾಲು ಜನರ ಸುತ್ತ ಭಕ್ತರೂ ಇಲ್ಲ, ಅಭಿಮಾನಿಗಳೂ ಇಲ್ಲ. ರಾಮನಗರದ ಮಾರುಕಟ್ಟೆಗೆ ಜೀವಮಾನವಿಡೀ ರೇಷ್ಮೆಗೂಡು ಹೊತ್ತ ರೈತ, ಚನ್ನಪಟ್ಟಣದ ಮರದ ಗೊಂಬೆಗಳಿಗೆ ಅರಗಿನ ಬಣ್ಣ ಹಚ್ಚಿ ಕಣ್ಣು ಸವೆಸಿದ ಕುಶಲಕರ್ಮಿ, ಕನಕಪುರದ ಹಾರೋಬೆಲೆಯಂಥ ಕ್ರೈಸ್ತ ಗ್ರಾಮಗಳಲ್ಲಿ ಮೊಮ್ಮಕ್ಕಳಿಗೆ ಜಪ ಕಲಿಸಿದ ಅಜ್ಜಿ. ಇಂಥವರ ಮಕ್ಕಳು ಬೆಳಗಾಗುತ್ತಲೇ ಬಿಡದಿಯ ಕಾರ್ಖಾನೆಗೋ ಬೆಂಗಳೂರಿನ ಕಚೇರಿಗೋ ಹೊರಟರೆ ಮರಳುವುದು ಕತ್ತಲಾದ ಮೇಲೆ. ಅಲ್ಲಿಯವರೆಗೆ ಮನೆಯಲ್ಲಿ ಉಳಿಯುವುದು ಮುಪ್ಪು ಮತ್ತು ಮೌನ.

ಈ ಮೌನದಲ್ಲಿ ರೋಗವೂ ತನ್ನ ಗುರುತನ್ನು ಮರೆಸಿಕೊಳ್ಳುತ್ತದೆ. ಯುವಕನಿಗೆ ನ್ಯುಮೋನಿಯಾ ಬಂದರೆ ಜ್ವರ, ಕೆಮ್ಮು ಕಾಣಿಸುತ್ತವೆ. ಎಂಬತ್ತರ ಅಜ್ಜಿಗೆ ಜ್ವರವೇ ಬಾರದಿರಬಹುದು. ಆಕೆ ಊಟ ಬಿಡುತ್ತಾಳೆ, ಒಂದೆರಡು ದಿನಗಳಲ್ಲಿ ಏನೇನೋ ಮಾತನಾಡತೊಡಗುತ್ತಾಳೆ. ಮನೆಯವರು “ಅಜ್ಜಿಗೆ ಅರಳುಮರಳು” ಎಂದು ಸುಮ್ಮನಾಗುತ್ತಾರೆ. ಎದೆನೋವಿಲ್ಲದೆಯೇ ಹೃದಯಾಘಾತವಾಗುವುದೂ ಉಂಟು. ಕೆಲವೊಮ್ಮೆ ಔಷಧವೇ ವ್ಯಾಧಿಯಾಗುತ್ತದೆ. ರಕ್ತದೊತ್ತಡದ ಮಾತ್ರೆಯಿಂದ ಕಾಲು ಊದಿಕೊಳ್ಳುತ್ತದೆ. ಊತಕ್ಕೆಂದು ಮತ್ತೊಬ್ಬರು ಮೂತ್ರ ಹೆಚ್ಚಿಸುವ ಮಾತ್ರೆ ಬರೆದುಕೊಡುತ್ತಾರೆ. ಅಜ್ಜ ನಡುರಾತ್ರಿ ಮತ್ತೆ ಮತ್ತೆ ಎದ್ದು, ಕತ್ತಲಲ್ಲಿ ಜಾರಿ ಬಿದ್ದು, ಸೊಂಟದ ಮೂಳೆ ಮುರಿದುಕೊಳ್ಳುತ್ತಾನೆ. ಮೂಳೆ ತಜ್ಞರು ಮೂಳೆಯನ್ನು ಕೂಡಿಸುತ್ತಾರೆ. ಆದರೆ ಮೊದಲ ಮಾತ್ರೆಯವರೆಗೆ ಹಿಂದಿರುಗಿ ನೋಡುವವರಾರು? ಒಂದೊಂದು ಅಂಗಕ್ಕೂ ಒಬ್ಬೊಬ್ಬ ತಜ್ಞರಿರುವ ಈ ಕಾಲದಲ್ಲಿ ಇಡೀ ಮನುಷ್ಯನನ್ನು ನೋಡುವವರೂ ಬೇಕಲ್ಲವೇ? ಜನರಲ್ ಮೆಡಿಸಿನ್ ಓದಿ ವೃದ್ಧರ ಆರೈಕೆಯನ್ನು ಆಯ್ದುಕೊಂಡ ವೈದ್ಯರ ಕೆಲಸ ಇದೇ. ಅವರ ದೊಡ್ಡ ಚಿಕಿತ್ಸೆ ಎಷ್ಟೋ ಸಲ ಒಂದು ಮಾತ್ರೆಯನ್ನು ನಿಲ್ಲಿಸುವುದೇ ಆಗಿರುತ್ತದೆ.

ಈ ವೈದ್ಯಶಾಖೆ ಹುಟ್ಟಿದ ಬಗೆಯೂ ಮನನೀಯ. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವೈದ್ಯೆ ಮಾರ್ಜರಿ ವಾರೆನ್ ಅವರಿಗೆ ಪಕ್ಕದ ಬಡವರ ಆಸ್ಪತ್ರೆಯ 714 ರೋಗಿಗಳ ಹೊಣೆ ಬಂದಿತು. ಅವರಲ್ಲಿ ಅನೇಕರು ಇನ್ನು ಏಳಲಾರರೆಂದು ವರ್ಷಗಟ್ಟಲೆ ಹಾಸಿಗೆಗೆ ಬಿಡಲ್ಪಟ್ಟಿದ್ದ ವೃದ್ಧರು. ಆಕೆ ಒಬ್ಬೊಬ್ಬರನ್ನೂ ಪರೀಕ್ಷಿಸಿದರು, ಕೋಣೆಗಳಿಗೆ ಬೆಳಕು ತಂದರು, ನಡಿಗೆಯ ಅಭ್ಯಾಸ ಮಾಡಿಸಿದರು. ಅನೇಕರು ಎದ್ದು ಮನೆಗೆ ಮರಳಿದರು. ಅವರನ್ನು ಮಲಗಿಸಿದ್ದು ವಯಸ್ಸೊಂದೇ ಅಲ್ಲ, ಇವರಿಂದ ಇನ್ನೇನೂ ಆಗದು ಎಂಬ ತೀರ್ಮಾನವೂ ಹೌದು. ನಮ್ಮ ದೇಶದಲ್ಲಿ 1978ರಲ್ಲಿ ಮದರಾಸಿನ ಸರ್ಕಾರಿ ಸಾರ್ವಜನಿಕ ಆಸ್ಪತ್ರೆಯಲ್ಲಿ ಡಾ. ವಿ. ಎಸ್. ನಟರಾಜನ್ ಅವರು ವೃದ್ಧರಿಗೆಂದೇ ಹೊರರೋಗಿ ವಿಭಾಗವನ್ನು ಆರಂಭಿಸಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಬೆಂಗಳೂರಿನಲ್ಲಿ ಡಾ. ರಾಧಾ ಎಸ್. ಮೂರ್ತಿಯವರು ಸಹಸ್ಥಾಪಕರಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, ನಗರದ ಪೊಲೀಸರೊಡನೆ ಸೇರಿ 2002ರಲ್ಲಿ ಹಿರಿಯರಿಗಾಗಿ 1090 ಸಹಾಯವಾಣಿಯನ್ನು ತೆರೆಯಿತು. ವೈದ್ಯರ ಸಂಸ್ಥೆಯೊಂದಕ್ಕೆ ಪೊಲೀಸರ ಜೊತೆ ಬೇಕಾಯಿತೆಂದರೆ, ಹಿರಿಯರ ನೋವು ದೇಹದ್ದು ಮಾತ್ರವಲ್ಲ ಎಂದಂತಾಯಿತು.

ಇಲ್ಲಿ ವೈದ್ಯನ ಮುಂದೆ ಒಂದು ನೈತಿಕ ಪ್ರಶ್ನೆ ನಿಲ್ಲುತ್ತದೆ: ಅವನ ರೋಗಿ ಯಾರು? ತಾಯಿಯನ್ನು ಕರೆತರುವವನು ಮಗ, ಹಣ ಕೊಡುವವನು ಮಗ, “ಎಲ್ಲಿ ನೋವು?” ಎಂದು ಕೇಳಿದರೆ ಉತ್ತರಿಸುವವನೂ ಮಗ. ತಾಯಿ ಪಕ್ಕದಲ್ಲಿ ಸುಮ್ಮನೆ ಕುಳಿತಿರುತ್ತಾಳೆ. ಒಳ್ಳೆಯ ವೈದ್ಯ ತನ್ನ ಕುರ್ಚಿಯನ್ನು ತಿರುಗಿಸಿ, “ಅಮ್ಮಾ, ನೀವು ಹೇಳಿ” ಎಂದು ಕೇಳುತ್ತಾನೆ. ಅದು ವಿನಯ ಮಾತ್ರವಲ್ಲ, ನ್ಯಾಯ. ತಂದೆಯ ಬುದ್ಧಿ ಮಂಕಾದಾಗಲೂ ಅವನನ್ನು ಹೀನಾಯವಾಗಿ ಕಾಣಬಾರದೆಂದು ಸಿರಾಖನ ಗ್ರಂಥದ ಮೂರನೆಯ ಅಧ್ಯಾಯ ನಮಗೆ ಬೋಧಿಸುತ್ತದೆ. ಮನುಷ್ಯನ ಘನತೆ ಅವನ ನೆನಪಿನ ಶಕ್ತಿಯನ್ನೋ ದುಡಿಮೆಯನ್ನೋ ಅವಲಂಬಿಸಿಲ್ಲ ಎಂಬುದೇ ಅದರ ತಿರುಳು.

ಎರಡನೆಯ ಪ್ರಶ್ನೆ ಇನ್ನೂ ಕಠಿಣ: ಚಿಕಿತ್ಸೆ ಎಲ್ಲಿಯವರೆಗೆ? ಹಾಸಿಗೆ ಹಿಡಿದು ಕೊನೆಗಾಲ ತಲುಪಿದ ತಂದೆಯನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಿ, ವೆಂಟಿಲೇಟರ್ ಅಳವಡಿಸಿ, ಇದ್ದ ಹೊಲವನ್ನು ಮಾರಿದರೆ ಮಾತ್ರ ಮಗನ ಕರ್ತವ್ಯ ತೀರಿತೇ? ಧರ್ಮಸಭೆ ದಯಾಮರಣವನ್ನು ಎಂದೂ ಒಪ್ಪಿಲ್ಲ. ಆದರೆ ರೋಗಿಗೂ ಕುಟುಂಬಕ್ಕೂ ಮಿತಿಮೀರಿದ ಹೊರೆಯಾಗುವ ಅಸಾಧಾರಣ ಸಾಧನಗಳನ್ನು ಬಳಸುವ ಬಾಧ್ಯತೆ ಇಲ್ಲವೆಂದು ಜಗದ್ಗುರು ಹನ್ನೆರಡನೇ ಪಯಸ್ ಅವರು 1957ರಲ್ಲೇ ಅರಿವಳಿಕೆ ತಜ್ಞರಿಗೆ ತಿಳಿಸಿದರು. ಕೊಲ್ಲುವುದು ಬೇರೆ, ಸಾವನ್ನು ಒಪ್ಪಿಕೊಳ್ಳುವುದು ಬೇರೆ. ತನಗೆ ಯಾವ ಚಿಕಿತ್ಸೆ ಬೇಡವೆಂದು ವ್ಯಕ್ತಿ ಮುಂಚಿತವಾಗಿ ಬರೆದಿಡುವುದನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಮಾನ್ಯಮಾಡಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಇದರ ಜಾರಿಗೆ ಸುತ್ತೋಲೆ ಹೊರಡಿಸಿತು. ಕಾನೂನು ಅನುಮತಿಸಿದ್ದೆಲ್ಲವೂ ತಾನಾಗಿ ನೀತಿಯಾಗುವುದಿಲ್ಲ. ಆದ್ದರಿಂದ ಇಂಥ ಪತ್ರ ಬರೆಯುವ ಮುನ್ನ ವೈದ್ಯರೊಡನೆಯೂ ಗುರುಗಳೊಡನೆಯೂ ಸಮಾಲೋಚಿಸುವುದು ಒಳ್ಳೆಯದು.

“ಸ್ವಾಮಿ, ಇದೇ ನೆಪದಲ್ಲಿ ಮಕ್ಕಳು ಹೆತ್ತವರನ್ನು ಕೈಬಿಟ್ಟರೆ?” ಎಂದು ನೀವು ಕೇಳಬಹುದು. ಈ ಭಯ ನ್ಯಾಯವಾದದ್ದೇ. ಹೆತ್ತವರ ಪೋಷಣೆಗಾಗಿ 2007ರಲ್ಲಿ ಸಂಸತ್ತು ಕಾಯಿದೆಯನ್ನೇ ಮಾಡಬೇಕಾಯಿತು. ಒಂದೇ ಮಾತನ್ನು ಪ್ರೀತಿಯೂ ಆಡಬಹುದು, ಲೋಭವೂ ಆಡಬಹುದು. ಎರಡನ್ನೂ ಬೇರ್ಪಡಿಸುವ ಪರೀಕ್ಷೆ ಯಾವುದು? “ಯಂತ್ರ ಬೇಡ” ಎಂದ ಮಗ ಆನಂತರ ಎಲ್ಲಿದ್ದಾನೆ ಎಂಬುದೇ ಆ ಪರೀಕ್ಷೆ. ತಂದೆಯ ತುಟಿಗೆ ನೀರು ಮುಟ್ಟಿಸುತ್ತಾ, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುತ್ತಾ, ನೋವಿಗೆ ಔಷಧ ಕೊಡಿಸುತ್ತಾ ಹಾಸಿಗೆಯ ಬಳಿ ಇದ್ದರೆ ಅವನು ತಂದೆಯನ್ನು ಕೈಬಿಟ್ಟಿಲ್ಲ. ಚಿಕಿತ್ಸೆಗೆ ಎಲ್ಲೆಯಿದೆ, ಶುಶ್ರೂಷೆಗೆ ಎಲ್ಲೆಯಿಲ್ಲ.

ಈಗ ಅಳತೆಗೋಲಿನ ಪ್ರಶ್ನೆಗೆ ಉತ್ತರ ಸಿಕ್ಕಿತೆನ್ನಬಹುದು. ವೃದ್ಧರ ವೈದ್ಯ ಸಾವನ್ನು ಎಷ್ಟು ಸಲ ಸೋಲಿಸಿದ ಎಂದು ಕೇಳುವುದು ಸಲ್ಲದು. ಆ ಲೆಕ್ಕದಲ್ಲಿ ಎಲ್ಲ ವೈದ್ಯರೂ ಕೊನೆಗೆ ಸೋತವರೇ. ಅಜ್ಜಿ ತನ್ನ ಕಾಲಮೇಲೆ ಬಚ್ಚಲಿಗೆ ಹೋಗಿಬಂದಳೇ, ಮೊಮ್ಮಗನ ಹೆಸರು ಹಿಡಿದು ಕರೆದಳೇ, ನೋವಿಲ್ಲದೆ ನಿದ್ರಿಸಿದಳೇ, ಮನೆಮಂದಿಯ ನಡುವೆ ಕಣ್ಣುಮುಚ್ಚಿದಳೇ ಎಂದು ಕೇಳಬೇಕು. ಈ ಗೆಲುವುಗಳಿಗೆ ಪದಕವಿಲ್ಲ. ಅಜ್ಜಿಗಾದರೋ ಬದುಕೆಂದರೆ ಇವೇ.

ಆದ್ದರಿಂದ ಪ್ರಿಯರೇ, ನಿಮ್ಮ ಮಗಳೋ ಮಗನೋ ಈ ವೃತ್ತಿಯನ್ನು ಆಯ್ದುಕೊಂಡರೆ “ಇದರಲ್ಲಿ ಏನಿದೆ?” ಎನ್ನಬೇಡಿರಿ. ಹಿರಿಯರನ್ನು ವೈದ್ಯರಲ್ಲಿಗೆ ಕರೆದೊಯ್ಯುವಾಗ, ನಾಟಿ ಔಷಧವೂ ಸೇರಿದಂತೆ ಅವರು ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನು ಒಂದು ಚೀಲದಲ್ಲಿ ಕೊಂಡೊಯ್ಯಿರಿ. ಅವರ ಮಾತನ್ನು ಅವರಿಗೇ ಬಿಡಿರಿ. ಅವರ ಬುದ್ಧಿ ತಿಳಿಯಾಗಿರುವಾಗಲೇ, ಒಂದು ಸಂಜೆ ಪಕ್ಕದಲ್ಲಿ ಕುಳಿತು, “ಅಪ್ಪಾ, ನಿಮಗೆ ಕೊನೆಗಾಲದಲ್ಲಿ ಏನು ಬೇಕು?” ಎಂದು ಕೇಳಿರಿ. ಅವರು ಕೂಡಲೇ ಉತ್ತರಿಸದಿದ್ದರೂ ಅಲ್ಲಿಂದ ಏಳಬೇಡಿರಿ.