*ಮೊದಲು ಕೇಳಬೇಕಾದ ಪ್ರಶ್ನೆ*



ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗ ಬರುತ್ತದೆ. ಅತಿಸಾರದಿಂದ ಬಳಲುತ್ತಿದ್ದ ಒಬ್ಬ ಭಿಕ್ಷು ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಆನಂದನೊಂದಿಗೆ ಬಂದ ಬುದ್ಧ ಮೊದಲು ಕೇಳಿದ್ದು, ಕಾಯಿಲೆ ಏನು ಎಂದು. ಆಮೇಲೆ ಕೇಳಿದ್ದು, ನೋಡಿಕೊಳ್ಳುವವರು ಇದ್ದಾರೆಯೇ ಎಂದು. ಯಾರೂ ಇರಲಿಲ್ಲ. ತನ್ನಿಂದ ಉಳಿದವರಿಗೆ ಉಪಯೋಗವಿಲ್ಲ, ಅದಕ್ಕೇ ಯಾರೂ ಬರುವುದಿಲ್ಲ ಎಂದ ಆ ಭಿಕ್ಷು. ಬುದ್ಧನೇ ನೀರು ಸುರಿದ, ಆನಂದ ತೊಳೆದ. ಇಬ್ಬರೂ ಸೇರಿ ಎತ್ತಿ ಮಂಚದ ಮೇಲೆ ಮಲಗಿಸಿದರು.

ಈ ಕಥೆಯನ್ನು ಶಾಲೆಯಲ್ಲಿ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ನನಗೇ ಅರ್ಥವಾಗಿರಲಿಲ್ಲ ಎಂದು ಗೊತ್ತಾದದ್ದು ಕಳೆದ ಮಳೆಗಾಲದಲ್ಲಿ.

ಜ್ವರ ಬಂದ ಅಮ್ಮನನ್ನು ಕರೆದುಕೊಂಡು ಒಂದು ಆಸ್ಪತ್ರೆಗೆ ಹೋಗಿದ್ದೆ. ಸೀರೆ ಉಟ್ಟ ಒಬ್ಬರು ಹೊಟ್ಟೆ ಹಿಡಿದುಕೊಂಡು ಚೀಟಿ ಮಾಡಿಸಲು ನಿಂತಿದ್ದರು. ಕೌಂಟರಿನವರು ಆಧಾರ್ ಕಾರ್ಡಿನಲ್ಲಿದ್ದ ಗಂಡು ಹೆಸರನ್ನು ಗಟ್ಟಿಯಾಗಿ ಕೂಗಿದರು. ಇಡೀ ಸಾಲು ತಿರುಗಿ ನೋಡಿ ನಕ್ಕಿತು. "ಗಂಡಸರ ಸಾಲಾ, ಹೆಂಗಸರ ಸಾಲಾ?" ಎಂದು ಯಾರೋ ಕೇಳಿದರು. ನೋವೆಲ್ಲಿ ಎಂದು ಯಾರೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವರು ಮಳೆಯಲ್ಲೇ ವಾಪಸ್ ಹೊರಟುಹೋದರು. ನಾನು ನಗಲಿಲ್ಲ, ನಿಜ. ತಲೆ ತಗ್ಗಿಸಿ ಮೊಬೈಲ್ ನೋಡುತ್ತಿದ್ದೆ. "ಪಾಪ, ಹೊಟ್ಟೆನೋವು ಜೋರಿತ್ತು ಕಾಣ್ತದೆ" ಎಂದದ್ದು ಜ್ವರದಲ್ಲಿದ್ದ ಅಮ್ಮ ಒಬ್ಬಳೇ.

ಇದೇ ನಾನು ಹೆಗ್ಗೋಡಿನ ಜನಮನದಾಟ ತಂಡದ 'ಬದುಕು ಬಯಲು' ನಾಟಕ ನೋಡಿ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೆ. ಅದು ಎ. ರೇವತಿಯವರ ಆತ್ಮಕಥೆ, ಕನ್ನಡಕ್ಕೆ ತಂದವರು ದು. ಸರಸ್ವತಿ. ಗಂಡಾಗಿ ಹುಟ್ಟಿದವರು ಹೆಣ್ಣಾಗುವ ಶಸ್ತ್ರಚಿಕಿತ್ಸೆಯನ್ನು ಹಿಜ್ರಾ ಸಮುದಾಯದಲ್ಲಿ 'ನಿರ್ವಾಣ' ಎನ್ನುತ್ತಾರೆ. ವೈದ್ಯರು ಸಿಗದ ಕಾಲದಲ್ಲಿ ಸಮುದಾಯದ ಹಿರಿಯರೇ ಚಾಕು ಹಿಡಿದು ಅದನ್ನು ಮಾಡುತ್ತಿದ್ದರು. ಪ್ರಾಣ ಕಳೆದುಕೊಂಡವರೂ ಇದ್ದಾರೆ. ನಾವು ಬಳಗದಲ್ಲಿ ಸಲೀಸಾಗಿ ಚರ್ಚಿಸುವ ಪದಕ್ಕೆ ಅವರು ಅಷ್ಟು ರಕ್ತ ತೆತ್ತಿದ್ದಾರೆ.

ಲಿಂಗತ್ವ ಅಲ್ಪಸಂಖ್ಯಾತರಿಗೆ ಆಸ್ಪತ್ರೆಗಳಲ್ಲಿ ಸರಿಯಾದ ಚಿಕಿತ್ಸೆ ಕೊಡಿಸಬೇಕೆಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ತೀರ್ಪಿನಲ್ಲೇ ಸರ್ಕಾರಗಳಿಗೆ ಹೇಳಿತು. 2019ರ ಕಾಯ್ದೆ ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸಿತು. ಕಾನೂನು ಆಸ್ಪತ್ರೆಯ ಬಾಗಿಲು ತೆರೆಯಬಲ್ಲದು. ಆದರೆ ಬಾಗಿಲಿನಿಂದ ವೈದ್ಯರ ಕೋಣೆಯವರೆಗೆ ಇರುವ ಸಾಲಿನಲ್ಲಿ ನಿಂತವರು ನಾವು.

"ನಾನೇನೂ ಕೆಟ್ಟದ್ದು ಮಾಡಲಿಲ್ಲವಲ್ಲ" ಎಂದು ಅವತ್ತು ಸಮಾಧಾನ ಹೇಳಿಕೊಂಡೆ. ಆ ವಿಹಾರದ ಭಿಕ್ಷುಗಳೂ ಯಾರನ್ನೂ ಹೊಡೆದಿರಲಿಲ್ಲ, ಬೈದಿರಲಿಲ್ಲ; ಸುಮ್ಮನಿದ್ದರು ಅಷ್ಟೆ. ಅವರನ್ನೇ ಬುದ್ಧ ಕರೆಸಿದ. ಅಪ್ಪ ಅಮ್ಮನನ್ನು ಬಿಟ್ಟು ಬಂದವರು ನೀವು, ನೀವೇ ಪರಸ್ಪರ ನೋಡಿಕೊಳ್ಳದಿದ್ದರೆ ಇನ್ನಾರು ನೋಡಿಕೊಳ್ಳುತ್ತಾರೆ ಎಂಬುದು ಅವನ ಮಾತಿನ ಸಾರ. ಮನೆಯವರೇ ಹೊರಗೆ ಹಾಕಿದವರ ಪಾಲಿಗೆ ಈ ಮಾತು ಇನ್ನೂ ನಿಜ.

ನೀನು ಯಾರು ಎಂಬುದು ಬುದ್ಧನ ಮೊದಲ ಪ್ರಶ್ನೆಯಾಗಿರಲಿಲ್ಲ. ಉಪಯೋಗಕ್ಕೆ ಬರುವವನೋ ಅಲ್ಲವೋ ಎಂದೂ ಅವನು ಅಳೆಯಲಿಲ್ಲ. ನೋವಿಗೆ ಹೆಣ್ಣು ಗಂಡೆಂಬ ಸಾಲಿಲ್ಲ.

ಇವತ್ತಿನ ಅಭ್ಯಾಸ ಇಷ್ಟೇ: ಮೈತ್ರಿ ಧ್ಯಾನಕ್ಕೆ ಕೂತಾಗ, ನೀವು ಮುಖ ತಿರುಗಿಸಿದ ಒಬ್ಬರನ್ನು ನೆನೆಯಿರಿ. ಮುಂದಿನ ಸಲ ಅಂಥವರು ಸಾಲಿನಲ್ಲಿ ಸಿಕ್ಕರೆ, "ಏನಾಗ್ತಿದೆ ಅಕ್ಕಾ? ಬನ್ನಿ, ಇಲ್ಲಿ ಕೂತ್ಕೊಳ್ಳಿ" ಎನ್ನಿ. ನಾನು ಅವತ್ತು ಹೇಳದೆ ಉಳಿದ ಮಾತು ಅದು.

ಎಲ್ಲರಿಗೂ ಮಂಗಳವಾಗಲಿ 🙏